ಸದ್ದು ಮಾಡದ ಹಾವು

ಬೇಲೂರು ನೋಡಿಕೊಂಡು ಹಳೇಬೀಡಿಗೆ ಬಂದಿದ್ದೆವು. ಮೈಗೆ ಹಾವು ಸುತ್ತಿಕೊಂಡ ಭೈರವನ ಮುಂದೆ ವಿದ್ಯಾರ್ಥಿಯೊಬ್ಬ ಕೇಳಿದ: "ಸಾರ್, ಬಾಲದಲ್ಲಿ ಗಿಲಕಿ ಆಡಿಸುವ ಹಾವು ನಮ್ಮ ಕಡೆ ಇದೆಯೇ?"

"ಇಲ್ಲಪ್ಪ, ಅದು ಅಮೆರಿಕ ಖಂಡಗಳದ್ದು" ಎಂದೆ. ಆದರೆ ಎಚ್ಚರಿಸುವ ಸೌಜನ್ಯ ನಮ್ಮ ಹಾವುಗಳಿಗೂ ಉಂಟು. ಹುತ್ತದ ನಾಗರ ಹೆಡೆಯೆತ್ತುತ್ತದೆ. ಇಲಿಯನ್ನರಸಿ ಹೊಲಕ್ಕೂ ಅರಸೀಕೆರೆಯ ತೆಂಗಿನ ತೋಟಕ್ಕೂ ಬರುವ ಕೊಳಕುಮಂಡಲ ಕುಕ್ಕರಿನಂತೆ ಭುಸುಗುಟ್ಟುತ್ತದೆ. ಒಣ ಕಲ್ಲುನೆಲದ ಗರಗಸ ಮಂಡಲ ಮೈಯ ಹುರುಪೆಗಳನ್ನೇ ಉಜ್ಜಿ ಗರಗರ ಸದ್ದು ಮಾಡುತ್ತದೆ.

ಕಟ್ಟುಹಾವಿಗೆ ಮಾತ್ರ ಆ ಮರ್ಯಾದೆ ಇಲ್ಲ. ಇರುಳಲ್ಲಿ ಮನೆಯೊಳಗೇ ಬಂದೀತು. ಕಚ್ಚಿದರೆ ಎಷ್ಟೋ ಸಲ ನೋವೂ ತಿಳಿಯದು. ನಾನು ಹುಡುಗನಾಗಿದ್ದಾಗ, ಅರಸೀಕೆರೆಯ ಹತ್ತಿರದ ನಮ್ಮೂರಿನಲ್ಲಿ, ನಡುಮನೆಯ ಚಾಪೆಯ ಮೇಲೆ ಮಲಗಿದ್ದ ಚಿಕ್ಕಪ್ಪ ನಸುಕಿನಲ್ಲಿ ಹೊಟ್ಟೆನೋವೆಂದು ಎದ್ದರು. ಕಣ್ಣುರೆಪ್ಪೆ ಜೋತುಬೀಳುತ್ತಿದ್ದವು. ಮನೆಯ ಹಿರಿಯರು ಗಾಡಿ ಕಟ್ಟಿಕೊಂಡು ಮೊದಲು ಮಂತ್ರ ಹಾಕುವವನ ಬಳಿಗೆ ಹೋದರು. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಉಸಿರು ನಿಂತಿತ್ತು. ಈ ನಾಲ್ಕೂ ಹಾವುಗಳ ವಿಷಕ್ಕೆ ಒಂದೇ ಮದ್ದು ಆಗಲೇ ಇತ್ತು. ನಮಗೆ ತಿಳಿವಳಿಕೆ ಇರಲಿಲ್ಲ.

2024ರಲ್ಲಿ ಕರ್ನಾಟಕ ಸರ್ಕಾರ, ಹಾವು ಕಚ್ಚಿದ ಪ್ರತಿಯೊಂದು ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕೆಂದು ವಿಧಿಸಿದ ಸುದ್ದಿ ಓದಿ ಚಿಕ್ಕಪ್ಪನ ನೆನಪಾಯಿತು. ಅವರು ಯಾವ ಲೆಕ್ಕಕ್ಕೂ ಸಿಕ್ಕದೆ ಹೋದವರು.

ಹುಡುಗನಿಗೆ ಇದನ್ನೆಲ್ಲ ಹೇಳಲಿಲ್ಲ. "ಊರಿಗೆ ಹೋದಾಗ ನೆಲದ ಮೇಲೆ ಮಲಗಬೇಡ; ಸೊಳ್ಳೆಪರದೆಯ ಅಂಚನ್ನು ಹಾಸಿಗೆಯಡಿ ಸಿಕ್ಕಿಸಿಕೋ. ಏನಾದರೂ ಆದರೆ ನೇರ ಆಸ್ಪತ್ರೆಗೆ" ಎಂದಷ್ಟೇ ಹೇಳಿದೆ. ಕನ್ನಡದ ಮೇಷ್ಟ್ರಿಗೆ ಇದೇನು ಪಾಠವೆಂದು ಅವನು ನಕ್ಕ. ನಗಲಿ, ಮರೆಯದಿದ್ದರೆ ಸಾಕು.