ಒಂದು ಹಾಳೆ, ನಾಲ್ವರು ಹುಡುಗರು

ಕಳೆದ ಚೌತಿಗೆ ಬೆಂಗಳೂರಿನಿಂದ ಊರಿಗೆ ಬಂದಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಯವರೆಗೂ ಬಂದು ಮಾತನಾಡಿಸಿ ಹೋದ. ಗೇರುಸೊಪ್ಪದ ಹೊಳೆಯಂಚಿನ ಮನೆಯ ಹುಡುಗ. ಈಗ ಚಿಪ್ ವಿನ್ಯಾಸ ಮಾಡುವ ಕಂಪನಿಯಲ್ಲಿದ್ದಾನೆ. ಅವನ ತಂದೆ ಪೇಟೆಯಲ್ಲಿ ಸಿಕ್ಕಾಗಲೆಲ್ಲ, 'ಮಾಸ್ತರೇ, ನಮ್ಮ ಮಾಣಿ ಅಲ್ಲಿ ಮಾಡೂದು ಎಂಥದು? ನಿಮಗಾದರೂ ಅರ್ಥ ಆಗ್ತದಾ?' ಎಂದು ಕೇಳುವರು. ನಾನು ತಲೆಯಾಡಿಸಿ ಪಾರಾಗುತ್ತಿದ್ದೆ. ಈ ಸಲ ಅವನನ್ನೇ ಜಗಲಿಯಲ್ಲಿ ಕೂರಿಸಿಕೊಂಡು ಕೇಳಿದೆ.

'ಚಿಪ್ ಹುಟ್ಟುವ ಮೊದಲೇ ಅದರ ತಪ್ಪು ಹುಡುಕುವುದು ಸರ್' ಎಂದ.

ಅದೆಷ್ಟು ಮುಖ್ಯ ಎನ್ನುವುದಕ್ಕೆ 1994ರ ಪೆಂಟಿಯಂ ಪ್ರಸಂಗ ಸಾಕು. ಆ ಚಿಪ್ ಕೆಲವು ಭಾಗಾಕಾರಗಳನ್ನು ತಪ್ಪಾಗಿ ಮಾಡುತ್ತಿದೆಯೆಂದು ಅಮೆರಿಕದ ಗಣಿತದ ಪ್ರಾಧ್ಯಾಪಕ ಥಾಮಸ್ ನೈಸ್ಲಿ ಕಂಡುಹಿಡಿದರು. ಇಂಟೆಲ್ ಕಂಪನಿಗೆ ಬಿದ್ದ ಹೊರೆ 47.5 ಕೋಟಿ ಡಾಲರ್! ಹತ್ತನೆಯ ತರಗತಿಯ ಉತ್ತರಪತ್ರಿಕೆಯಲ್ಲಾದರೆ ಒಂದು ಅಂಕ ಹೋಗುತ್ತಿತ್ತು.

ಹಾಗಾದರೆ ಇನ್ನೂ ತಯಾರಾಗದ ಚಿಪ್ಪನ್ನು ಪರೀಕ್ಷಿಸುವುದು ಹೇಗೆ? ಮಾಮೂಲಿ ಕಂಪ್ಯೂಟರಿನಲ್ಲಿ ಅದರ ಅನುಕರಣೆ ಮಾಡಬಹುದು, ಆದರೆ ಅದು ಆಮೆಯ ನಡೆ. ಅದಕ್ಕಾಗಿಯೇ ಎಮ್ಯುಲೇಟರ್ ಎಂಬ ದೊಡ್ಡ ಯಂತ್ರವಿದೆ. ಅದರ ಒಂದು ಬಗೆಯಲ್ಲಿ ಸಾವಿರಾರು ಪುಟಾಣಿ ಪ್ರಾಸೆಸರ್‌ಗಳಿರುತ್ತವೆ. ಐಬಿಎಂನವರು 1980ರ ದಶಕದ ಆರಂಭದಲ್ಲಿ ಯಾರ್ಕ್‌ಟೌನಿನಲ್ಲಿ ಕಟ್ಟಿದ ಇಂಥ ಯಂತ್ರಕ್ಕೆ 256 ಪ್ರಾಸೆಸರ್‌ಗಳನ್ನು ಜೋಡಿಸಬಹುದಿತ್ತು. ನಮ್ಮ ಬೆಂಗಳೂರಿನ ಎನ್‌ಎಎಲ್ 1986ರಲ್ಲಿ ಆರಂಭಿಸಿದ ಫ್ಲೋಸಾಲ್ವರ್ ಬೇರೆ ಉದ್ದೇಶದ್ದು, ಗಾಳಿಯ ಹರಿವಿನ ಲೆಕ್ಕಕ್ಕೆ. ಅಲ್ಲಿಯೂ ಉಪಾಯ ಒಂದೇ: ಒಂದು ಲೆಕ್ಕವನ್ನು ಹಲವರಿಗೆ ಹಂಚುವುದು. (ಈ ಎಮ್ಯುಲೇಟರ್‌ಗಳು ವಿದ್ಯುತ್ತನ್ನು ಬಕಾಸುರನಂತೆ ತಿನ್ನುತ್ತವಂತೆ. ನಮ್ಮೂರಿನ 240 ಮೆಗಾವಾಟಿನ ಶರಾವತಿ ಟೇಲ್‌ರೇಸಿನ ಕರೆಂಟೂ ಅಲ್ಲಿಗೆ ಒಂದಿಷ್ಟು ಹೋಗುತ್ತಿರಬಹುದು!)

ಪ್ರತಿ ಪುಟ್ಟ ಪ್ರಾಸೆಸರ್ ಒಂದು ಹೆಜ್ಜೆಗೆ ಒಂದೇ ಸಣ್ಣ ತರ್ಕ ಮಾಡುತ್ತದೆ: 'ಇವೆರಡೂ ಒಂದಾದರೆ ಉತ್ತರ ಒಂದು' ಎಂಬಷ್ಟು ಸರಳ. ಯಾವ ಹೆಜ್ಜೆಯಲ್ಲಿ ಯಾರ ಕೆಲಸ ಎಂಬ ಟೈಂಟೇಬಲ್ ಮೊದಲೇ ಸಿದ್ಧವಾಗಿರುತ್ತದೆ. ಕಷ್ಟ ಇರುವುದು ಲೆಕ್ಕದಲ್ಲಲ್ಲ. ಒಬ್ಬನ ಉತ್ತರ ಇನ್ನೊಬ್ಬನಿಗೆ ಬೇಕು. ಅದು ಯಂತ್ರದ ಆ ತುದಿಯಿಂದ ಈ ತುದಿಗೆ ಬರುವಷ್ಟರಲ್ಲಿ ಹಲವು ಹೆಜ್ಜೆಗಳು ಕಳೆದಿರುತ್ತವೆ, ಅಲ್ಲಿಯವರೆಗೆ ಕಾಯಬೇಕು. ಆದ್ದರಿಂದ ಕೆಲವು ಪ್ರಾಸೆಸರ್‌ಗಳನ್ನು ಸೇರಿಸಿ ಒಂದು ಗುಂಪು ಮಾಡುತ್ತಾರೆ. ಗುಂಪಿಗೆಲ್ಲ ಒಂದೇ ಸ್ಮೃತಿಕೋಶ. ಒಬ್ಬ ಬರೆದದ್ದನ್ನು ಉಳಿದವರು ಮರುಹೆಜ್ಜೆಯಲ್ಲೇ ಓದಬಹುದು. ಹೆಚ್ಚು ಮಾತುಕತೆ ಇರುವ ಕೆಲಸಗಳನ್ನೆಲ್ಲ ಸಾಧ್ಯವಾದಷ್ಟು ಒಂದೇ ಗುಂಪಿಗೆ ಹಾಕಿಬಿಡುತ್ತಾರೆ.

'ಹಾಗಾದರೆ ಎಲ್ಲರನ್ನೂ ಸೇರಿಸಿ ಒಂದೇ ಗುಂಪು ಮಾಡಬಾರದೇನೋ ತಮ್ಮಾ?' ಎಂದೆ.

'ಆಗುವುದಿಲ್ಲ ಸರ್. ಓದುವವರು ಹೆಚ್ಚಿದಷ್ಟೂ ತಂತಿಗಳ ಗೋಜಲು ಬೆಳೆದು ಸ್ಮೃತಿಕೋಶ ದೊಡ್ಡದೂ ನಿಧಾನವೂ ಆಗುತ್ತದೆ. ಒಂದೇ ಹಾಳೆಯ ಮೇಲೆ ನಲವತ್ತು ತಲೆ ಬಗ್ಗಿದರೆ ಯಾರಿಗೆ ಕಾಣುತ್ತದೆ?'

ಹಾಳೆ ಎಂದ ಕೂಡಲೇ ನನಗೆ ಅದು ನೆನಪಾಯಿತು. ಅವನಿಗೆ ನೆನಪಿತ್ತೋ ಇಲ್ಲವೋ, ಮುಖದಲ್ಲಿ ಗೊತ್ತಾಗಲಿಲ್ಲ.

ಸುಮಾರು ಇಪ್ಪತ್ತು ವರ್ಷಗಳ ಹಿಂದಿನ ಮಾತು. ಸರಳ ಲೋಲಕದ ಪ್ರಯೋಗ. ಇದ್ದ ಸ್ಟಾಪ್ ವಾಚ್‌ಗಳು ಕಡಿಮೆ, ಮಕ್ಕಳು ಹೆಚ್ಚು. ಆದರೂ ನಾಲ್ಕು ಉದ್ದಗಳಿಗೂ ಪ್ರತಿಯೊಬ್ಬನೂ ತಾನೇ ಇಪ್ಪತ್ತು ಆಂದೋಲನ ಎಣಿಸಬೇಕೆಂದು ನನ್ನ ಹುಕುಂ. ಗಂಟೆ ಬಾರಿಸುವ ಮೊದಲೇ ಮುಗಿಸಿದ್ದು ಇವನಿದ್ದ ಮೇಜು ಮಾತ್ರ. ನಾಲ್ವರೂ ಒಂದೊಂದು ಉದ್ದ ಹಂಚಿಕೊಂಡು, ನಡುವೆ ಒಂದು ಹಾಳೆ ಇಟ್ಟು ಅದರಲ್ಲಿ ಬರೆದು, ಎಲ್ಲರೂ ಅದನ್ನೇ ನೋಡಿಕೊಂಡಿದ್ದರು. ಹಂಚಿದವನು ಇವನೇ. ನಾಲ್ಕು ಪುಸ್ತಕಗಳಲ್ಲೂ ಒಂದು ಮೀಟರಿಗೆ 38 ಸೆಕೆಂಡು ಎಂದಿತ್ತು. ಬರಬೇಕಾದದ್ದು 40. ಎಣಿಸಿದವನು ದಾರ ಬಿಟ್ಟ ಕ್ಷಣಕ್ಕೇ 'ಒಂದು' ಎಂದಿದ್ದ, ಹಾಗಾಗಿ ಹತ್ತೊಂಬತ್ತು ಇಪ್ಪತ್ತಾಯಿತು. ತಪ್ಪು ಎಲ್ಲಿ ಹುಟ್ಟಿತೆಂದು ಕೇಳುವ ವ್ಯವಧಾನ ನನಗಿರಲಿಲ್ಲ. 'ಕಳ್ಳ' ಎಂದೆ. ಕೆಂಪು ಶಾಯಿಯಲ್ಲಿ ಅವನ ಪುಟಕ್ಕೆ ಅಡ್ಡಗೀಟು ಹಾಕಿ, ಇಡೀ ಪೀರಿಯಡ್ ಹೊರಗೆ ನಿಲ್ಲಿಸಿದೆ. ಮಳೆಯ ಎರಚಲು ಪಡಸಾಲೆಗೆ ಬರುತ್ತಿತ್ತು. ಮುಂದೆ ಬಹಳ ದಿನ ಅವನು ತರಗತಿಯಲ್ಲಿ ಕೈ ಎತ್ತಲಿಲ್ಲ.

ಜಗಲಿಯಲ್ಲಿ ಅದನ್ನು ನಾನೇ ಎತ್ತಿದೆ. 'ಆ ಲೋಲಕದ ದಿನ ನಾನು ನಿನಗೆ ಅನ್ಯಾಯ ಮಾಡಿದೆ' ಎಂದೆ. ಹೇಳಲು ಗಂಟಲು ಕಟ್ಟಿತು.

ಅವನು ಸ್ವಲ್ಪ ಹೊತ್ತು ಅಂಗಳದ ಕಡೆ ನೋಡಿದ. 'ನೆನಪಿದೆ ಸರ್. ಆದರೆ 38 ತಪ್ಪೇ ಅಲ್ಲವೇ? ನಮ್ಮ ಯಂತ್ರದಲ್ಲೂ ಅಷ್ಟೇ, ಹಂಚಿಕೊಂಡ ಜಾಗದಲ್ಲಿ ಒಬ್ಬ ತಪ್ಪು ಬರೆದರೆ ಓದುವವರೆಲ್ಲ ತಪ್ಪುತ್ತಾರೆ' ಎಂದು ನಕ್ಕ. ಆಮೇಲೆ ಮೆಲ್ಲಗೆ, 'ಕಳ್ಳ ಅಂದಿದ್ದು ಮಾತ್ರ ಮನೆಯಲ್ಲಿ ಹೇಳಿರಲಿಲ್ಲ' ಎಂದ.

ಒಳಗಿನಿಂದ ಚಕ್ಕುಲಿ, ಚಹಾ ಬಂತು. ಮಾತು ಮಳೆ, ಅಡಿಕೆಯ ಕೊಳೆರೋಗದ ಕಡೆ ತಿರುಗಿತು.

ಈ ವರ್ಷ ಲೋಲಕದ ಪ್ರಯೋಗಕ್ಕೆ ನಾಲ್ವರಿಗೊಂದು ಮೇಜು, ನಡುವೆ ಒಂದು ಹಾಳೆ ಇಟ್ಟೆ. ಒಬ್ಬ ಎಣಿಸಿದ ಉದ್ದವನ್ನು ಮತ್ತೊಬ್ಬ ಇನ್ನೊಮ್ಮೆ ಎಣಿಸಬೇಕು, ಮೊದಲು ಸೊನ್ನೆಯಿಂದ ಶುರು ಮಾಡಬೇಕು ಎಂದು ಹಲಗೆಯ ಮೇಲೆ ಬರೆದೆ. ಆದರೂ ಹಿಂದಿನ ಮೇಜಿನಲ್ಲಿ ಒಬ್ಬಳು ದಾರ ಬಿಡುತ್ತಲೇ 'ಒಂದು' ಎಂದಳು. ಪಕ್ಕದವಳು ಅವಳ ಕೈ ಹಿಡಿದು ನಿಲ್ಲಿಸಿದಳು.