ಒಬ್ಬನಿಗೆ ಎಷ್ಟು ಅಕ್ಕಿ

3 ಜೂನ್ 2024, ಸೋಮವಾರ

ನಿನ್ನೆಯ ಮಳೆಗೆ ನಮ್ಮ ಬೀದಿಯ ಹೊಂಗೆ ಮರ ಬುಡಸಮೇತ ಬಿದ್ದಿದೆ. ಬೆಳಿಗ್ಗೆ ಆಟೋ ಒಳಗೆ ಬರಲಿಲ್ಲ. ಮುಖ್ಯರಸ್ತೆಯವರೆಗೆ ನಡೆದು, ಹೇಗೋ ಹನ್ನೊಂದಕ್ಕೆ ಮಕ್ಕಳ ಹೋಮ್ ಸೇರಿದೆ.

ಬರುವ ಸೋಮವಾರ ಅಲ್ಲಿನ ಹುಡುಗನೊಬ್ಬನಿಗೆ ಹದಿನೆಂಟು ತುಂಬುತ್ತದೆ. ಹೋಮ್ ಬಿಡಬೇಕು. ಆ ತಾರೀಖಾದರೂ ಅವನದಾ ಅಂದರೆ ಅದೂ ಅಲ್ಲ. ಯಶವಂತಪುರ ಸ್ಟೇಷನ್ನಿನಲ್ಲಿ ಸಿಕ್ಕಾಗ ಐದೋ ಆರೋ ವರ್ಷದವನಿದ್ದನಂತೆ. ಶಾಲೆಗೆ ಸೇರಿಸುವಾಗ ಯಾರೋ 10-6-2006 ಎಂದು ಬರೆಸಿದರು. ಅವತ್ತು ಆರು ತಿಂಗಳು ಆಚೆ ಬರೆಸಿದ್ದರೆ ಈ ಡಿಸೆಂಬರ್‌ವರೆಗೂ ಅವನಿಗೆ ಮೂರು ಹೊತ್ತಿನ ಊಟ ಇರುತ್ತಿತ್ತು.

ರಾತ್ರಿ ಬಾಲನ್ಯಾಯ ಕಾಯ್ದೆ ತೆಗೆದು ಕೂತೆ. 2015ರದ್ದು, 46ನೇ ಕಲಂ. ಹೋಮ್‌ನಿಂದ ಹೊರಡುವವರ ಬಗ್ಗೆ ಇರುವುದು ಒಂದೇ ವಾಕ್ಯ. ಸಮಾಜದಲ್ಲಿ ನೆಲೆಗೊಳ್ಳಲು ಹಣಕಾಸಿನ ನೆರವು ‘ಒದಗಿಸಬಹುದು’. ‘ಒದಗಿಸತಕ್ಕದ್ದು’ ಅಲ್ಲ. ಮೂವತ್ತೊಂದು ವರ್ಷ ಬ್ಯಾಂಕಿನಲ್ಲಿ ಸಾಲದ ಕಾಗದ ಓದಿದವಳಿಗೆ ಆ ಎರಡು ಪದಗಳ ನಡುವಿನ ದೂರ ಗೊತ್ತು.

5 ಜೂನ್, ಬುಧವಾರ

ಆಫ್ಟರ್‌ಕೇರ್, ಅಂದರೆ ಹೋಮ್ ಬಿಟ್ಟ ಮೇಲಿನ ನೆರವಿನ ಅರ್ಜಿ ಕೊಟ್ಟು ಬಂದೆವು. ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ತಿಂಗಳಿಗೆ 4,000 ರೂಪಾಯಿ ಸಿಗಬಹುದು, 21 ತುಂಬುವವರೆಗೆ. ವಿಶೇಷ ಸಂದರ್ಭವಾದರೆ 23ರವರೆಗೂ ಮುಂದುವರಿಸಬಹುದು. ಇಲ್ಲೂ ‘ಬಹುದು’. ಗುಮಾಸ್ತರು ಒಳ್ಳೆಯವರೇ, ಕುರ್ಚಿ ಹಾಕಿಸಿದರು. ಆದರೆ ‘ನೀತಿ ಸಂಹಿತೆ ಇನ್ನೂ ತೆಗೆದಿಲ್ಲ ಮೇಡಂ, ಮುಂದಿನ ವಾರ ನೋಡೋಣ’ ಎಂದರು. ಚುನಾವಣೆಯ ಫಲಿತಾಂಶ ನಿನ್ನೆಯೇ ಬಂದಿದೆಯಲ್ಲ ಎಂದೆ. ನಕ್ಕರು.

ಬಿಡುಗಡೆ ಆದೇಶ, ಪಾಲನಾ ಯೋಜನೆ, ಆಧಾರ್, ಪಾಸ್‌ಬುಕ್, ನಾಲ್ಕು ಫೋಟೋ. ಹುಡುಗ ಎಲ್ಲವನ್ನೂ ಪ್ಲಾಸ್ಟಿಕ್ ಕವರಿನಲ್ಲಿಟ್ಟು ಎದೆಗೆ ಅವುಚಿಕೊಂಡಿದ್ದ. ಆಧಾರ್‌ನಲ್ಲಿ ಹೋಮ್‌ನ ವಿಳಾಸವೇ ಇದೆ. ಸೋಮವಾರದಿಂದ ಅದು ಅವನ ವಿಳಾಸವಲ್ಲ. ಹೊರಗೆ ಗೋಡೆಯ ಮೇಲೆ ಸಹಾಯವಾಣಿ 1098ರ ಪೋಸ್ಟರ್. ಅದನ್ನು ನೋಡಿ, ‘ಇದು ನಂಗೆ ಒಂದನೇ ಕ್ಲಾಸಿಂದ ಬಾಯಿಪಾಠ ಮೇಡಂ’ ಎಂದ. ಅದು ಮಕ್ಕಳಿಗೆ ಮಾತ್ರ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

8 ಜೂನ್, ಶನಿವಾರ

ಹುಡುಗನಿಗೆ ಕೋಣೆ ಹುಡುಕುತ್ತ ಲಗ್ಗೆರೆಯಲ್ಲಿ ಬೆಳಗಿನಿಂದ ಸಂಜೆವರೆಗೆ ಏಳು ಮನೆ. ಅವನಿಗೆ ಸಿಕ್ಕಿರುವ ಕೆಲಸ ಪೀಣ್ಯದ ವರ್ಕ್‌ಶಾಪಿನಲ್ಲಿ, ಹೆಲ್ಪರ್, ಸಂಬಳ 12,000. ಹತ್ತಿರದಲ್ಲೇ ಕೋಣೆ ಆದರೆ ನಡೆದು ಹೋಗಬಹುದು.

ಮೊದಲ ಮೂರು ಮನೆಯವರು ಬ್ಯಾಚುಲರ್‌ಗೆ ಕೊಡೋಲ್ಲ ಎಂದರು. ಇದು ಬೆಂಗಳೂರಿನಲ್ಲಿ ಎಲ್ಲ ಹುಡುಗರಿಗೂ ಇದ್ದದ್ದೇ. ನಾಲ್ಕನೆಯ ಮನೆಯಾಕೆ ಕಾಫಿ ಕೊಟ್ಟು ಕೂರಿಸಿ ಕೇಳಿದರು:

‘ಯಾವೂರಪ್ಪ ನಿಂದು?’

‘ಇಲ್ಲೇ.’

‘ಇಲ್ಲೇ ಅಂದ್ರೆ? ಅಪ್ಪ ಅಮ್ಮ ಎಲ್ಲಿರೋದು?’

ಹುಡುಗ ನನ್ನ ಮುಖ ನೋಡಿದ. ನಾನು ಹೋಮ್‌ನ ವಿಷಯ ಹೇಳಿದೆ. ಆಕೆ ‘ಅಯ್ಯೋ ಪಾಪ’ ಎಂದು, ಲೋಟ ತೆಗೆದುಕೊಂಡು ಒಳಗೆ ಹೋಗಿ, ಗಂಡನನ್ನು ಕೇಳಿ ಬಂದು, ಕೋಣೆಯನ್ನು ನೆಂಟರಿಗೆ ಮಾತು ಕೊಟ್ಟಾಗಿದೆ ಎಂದರು. ಬೋರ್ಡು ಇನ್ನೂ ಗೇಟಿಗೆ ತೂಗುತ್ತಿತ್ತು.

ಏಳನೆಯದು ಮೂರನೇ ಮಹಡಿಯ ಶೀಟಿನ ಕೋಣೆ. ಬಾಡಿಗೆ 4,500, ಅಡ್ವಾನ್ಸ್ 40,000. ಮಾಲೀಕರು ನಿವೃತ್ತ ಬಸ್ ಕಂಡಕ್ಟರ್. ಅವರು ಊರು ಕೇಳಲಿಲ್ಲ. ‘ಕರಾರಿಗೆ ನೀವು ಸೈನ್ ಹಾಕ್ತೀರಾ ಮೇಡಂ? ಹಾಕಿದ್ರೆ ಅಡ್ವಾನ್ಸ್ 25 ಕೊಡಿ ಸಾಕು’ ಎಂದರು. ಹಾಕಿದೆ. ದುಡ್ಡು, ಹೋಮ್ ಬಿಡುವ ಮಕ್ಕಳಿಗೆ ನೆರವಾಗುವ ನಮ್ಮ ಗುಂಪಿನ ನಿಧಿಯದು. ಮನೆಗೆ ಬಂದು ಇವರಿಗೆ ಹೇಳಿದಾಗ, ‘ಬ್ಯಾಂಕಲ್ಲಿದ್ದಾಗ ಒಬ್ಬರಿಗೂ ಜಾಮೀನು ನಿಲ್ಲಬೇಡಿ ಅಂತಿದ್ದವಳು ನೀನು’ ಎಂದು ಕಿಚಾಯಿಸಿದರು.

10 ಜೂನ್, ಸೋಮವಾರ

ಒಂದು ಟ್ರಂಕು, ಒಂದು ಚಾಪೆ, ನಾನು ಕೊಟ್ಟ ಕುಕ್ಕರು. ಮಾಲೀಕರು ಬೀಗ, ಎರಡು ಕೀ ಕೊಟ್ಟರು. ಹುಡುಗ ಬೀಗ ಹಾಕಿದ, ತೆಗೆದ, ಮತ್ತೆ ಹಾಕಿದ. ಹೋಮ್‌ನಲ್ಲಿ ಕೀಗೊಂಚಲು ವಾರ್ಡನ್ ಸೊಂಟದಲ್ಲಿರುತ್ತಿತ್ತು, ಒಳಗಿದ್ದ ಅರವತ್ತು ಮಕ್ಕಳಿಗೂ ಸೇರಿ ಒಂದೇ ಬಾಗಿಲು. ಒಳಗಿನಿಂದ ಚಿಲಕ ಹಾಕಿಕೊಂಡು ಮಲಗುವುದಾ, ತೆರೆದಿಡುವುದಾ ಎಂದು ಕೇಳಿದ. ಹಾಕಿಕೊಂಡೇ ಮಲಗಪ್ಪ ಎಂದೆ. ‘ಒಬ್ಬನೇ ಮಲಗಿ ಗೊತ್ತಿಲ್ಲ ಮೇಡಂ’ ಎಂದ, ಹವಾಮಾನ ಹೇಳುವ ಹಾಗೆ.

16 ಜೂನ್, ಭಾನುವಾರ

ಮಧ್ಯಾಹ್ನ ಹೋದರೆ ಕೋಣೆಯಲ್ಲಿ ಊಟದ ಘಮ. ಬಡಿಸಿದ. ಸಾರು ಚೆನ್ನಾಗಿತ್ತು, ನಿಜವಾಗಿ ಚೆನ್ನಾಗಿತ್ತು. ಆಮೇಲೆ ಮೂಲೆಯಲ್ಲಿ ನೋಡುತ್ತೇನೆ, ಕುಕ್ಕರಿನ ತುಂಬ ಅನ್ನ, ಜೊತೆಗೆ ಒಂದು ಬೋಗುಣಿಯಲ್ಲಿ ನಿನ್ನೆಯದು, ನೀರು ಹಾಕಿಟ್ಟಿದ್ದ. ಹೋಮ್‌ನಲ್ಲಿ ಎರಡು ವರ್ಷ ಅಡುಗೆಮನೆಯ ಪಾಳಿ ಮಾಡಿದವನು. ಅರವತ್ತು ಜನಕ್ಕೆ ಎಷ್ಟು ಸೇರು ಅಕ್ಕಿ, ಎಷ್ಟು ಕೊಡ ನೀರು, ಎಷ್ಟು ಹಿಡಿ ಉಪ್ಪು ಎಲ್ಲ ಕಣ್ಣಳತೆಯಲ್ಲೇ ಬರುತ್ತದೆ. ಒಬ್ಬನಿಗೆ ಎಷ್ಟು ಎಂದು ಗೊತ್ತಿಲ್ಲ. ‘ಕಮ್ಮಿ ಹಾಕಿದ್ರೆ ಪಾತ್ರೆ ಖಾಲಿ ಕಾಣುತ್ತೆ, ಕೈ ತಾನೇ ಇನ್ನೊಂದು ಹಿಡಿ ಹಾಕುತ್ತೆ’ ಎಂದ.

ಹಳೆಯ ಪಾವು ಒಂದನ್ನು ಹುಡುಕಿಕೊಡಬೇಕು.

ಬರುವಾಗ ಮಾಲೀಕರು ಮೆಟ್ಟಿಲಲ್ಲಿ ತಡೆದು, ರಾತ್ರಿ ಎರಡರವರೆಗೂ ಹುಡುಗ ಟೆರೇಸಿನ ಮೇಲೆ ಓಡಾಡುತ್ತಾನೆ, ಬೀಡಿಗೀಡಿ ಏನೂ ಇಲ್ಲ, ಸುಮ್ಮನೆ ಓಡಾಡುತ್ತಾನೆ ಎಂದರು. ಅವರ ದನಿಯಲ್ಲಿದ್ದದ್ದು ದೂರಲ್ಲ.

6 ಜುಲೈ, ಶನಿವಾರ

ಫೋನ್ ಸ್ವಿಚ್ ಆಫ್, ಮೂರು ದಿನ. ಇವತ್ತು ಹೋದೆ. ಕೋಣೆಯಲ್ಲೇ ಇದ್ದ. ಕೆಲಸ ಬಿಟ್ಟು ಒಂಬತ್ತು ದಿನವಾಗಿದೆ. ಸೂಪರ್‌ವೈಸರ್ ಎಲ್ಲರ ಎದುರು ‘ಅಪ್ಪ ಇಲ್ಲದವನು’ ಎಂದನಂತೆ. ಸ್ಪ್ಯಾನರ್ ಕೆಳಗಿಟ್ಟು ಬಂದುಬಿಟ್ಟಿದ್ದಾನೆ. ಸಂಬಳವನ್ನೂ ಕೇಳಿಲ್ಲ. ದಿನಾ ಬೆಳಿಗ್ಗೆ ಎಂಟಕ್ಕೆ ಡಬ್ಬಿ ಹಿಡಿದು ಮೆಟ್ಟಿಲಿಳಿದು, ಸಂಜೆ ಬರುತ್ತಿದ್ದನಂತೆ, ಮಾಲೀಕರಿಗೆ ತಿಳಿಯದಿರಲಿ ಎಂದು.

ನನಗೆ ಸಿಟ್ಟು ಬಂತು. ಫೋನ್ ಮಾಡಬಾರದಿತ್ತಾ ಎಂದು ಗದರಿದೆ. ಅವನು ತಲೆ ತಗ್ಗಿಸಿ ಕೇಳಿದ್ದು ಒಂದೇ:

‘ರಿಪೋರ್ಟ್ ಬರೀತೀರಾ ಮೇಡಂ?’

ಹನ್ನೆರಡು ವರ್ಷ ಅವನನ್ನು ರಿಜಿಸ್ಟರುಗಳೇ ಸಾಕಿವೆ. ಜ್ವರ ಬಂದರೆ ಒಂದು ಸಾಲು, ಜಗಳವಾಡಿದರೆ ಎರಡು ಸಾಲು, ಗೇಟು ಹಾರಿದರೆ ಒಂದು ಪುಟ ಮತ್ತು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರಿ. ತಪ್ಪು ಮಾಡಿದರೆ ಬೈಸಿಕೊಂಡು, ಮಾರನೇ ದಿನ ಎಲ್ಲರೂ ಅದನ್ನು ಮರೆತುಬಿಡುವ ಮನೆ ಅವನು ಕಂಡಿಲ್ಲ.

ನಮ್ಮ ಮಗ ಇಪ್ಪತ್ತಾರಕ್ಕೆ ಮೊದಲ ಕೆಲಸ ಬಿಟ್ಟು ಬಂದು ನಾಲ್ಕು ತಿಂಗಳು ಹಾಸಿಗೆ ಬಿಟ್ಟು ಏಳಲಿಲ್ಲ. ನಾವದಕ್ಕೆ ‘ಬ್ರೇಕ್’ ಎಂದು ಹೆಸರಿಟ್ಟೆವು. ಅವನಿಗೆ ಹದಿನೆಂಟು ತುಂಬಿದ ದಿನ ನಾವೇನು ಮಾಡಿದೆವೆಂದು ನೆನಪಿಸಿಕೊಳ್ಳಲು ನೋಡಿದೆ. ಮಸಾಲೆ ದೋಸೆ ತಿಂದಿರಬೇಕು. ಅಷ್ಟೇ.

ಸೋಮವಾರ ಇವರು ವರ್ಕ್‌ಶಾಪಿಗೆ ಹೋಗಿ ಹದಿನೈದು ದಿನದ ಸಂಬಳ ಕೇಳುತ್ತಾರಂತೆ. ತಾವಾಗಿಯೇ ಹೇಳಿದರು.

7 ಜುಲೈ, ಭಾನುವಾರ

ನಮ್ಮ ಗುಂಪಿಗೆ ಪ್ರತಿ ತಿಂಗಳು ಒಂದು ಫಾರಂ ತುಂಬಿಕೊಡಬೇಕು. ಅದರ ಹೆಸರೂ ವರದಿಯೇ. ಬೆಳಿಗ್ಗೆ ಬರೆಯುವುದಿಲ್ಲವೆಂದು ಹಠ ಹಿಡಿದಿದ್ದೆ. ಆದರೆ ಅದು ಹೋಗದಿದ್ದರೆ ಮುಂದಿನ ಬಾಡಿಗೆ ಬರುವುದಿಲ್ಲ. 4,000ದ ಅರ್ಜಿ ಇನ್ನೂ ಮೇಜಿನಿಂದ ಮೇಜಿಗೆ ಹೋಗುತ್ತಿದೆ.

ಹಾಗಾಗಿ ಹುಡುಗನನ್ನೇ ಕರೆಸಿ, ಪಕ್ಕದಲ್ಲಿ ಕೂರಿಸಿಕೊಂಡು ತುಂಬಿದೆ. ಅವನ ಬಗ್ಗೆ ಬರೆದದ್ದನ್ನು ಅವನು ಓದಿದ್ದು ಇದೇ ಮೊದಲು. ವಸತಿ: ಇದೆ. ಉದ್ಯೋಗ: ‘ಬಿಟ್ಟಿದ್ದೀನಿ, ಹುಡುಕ್ತಿದ್ದೀನಿ ಅಂತ ಬರೀರಿ’ ಎಂದ, ಬರೆದೆ. ‘ಸಮಸ್ಯೆಗಳು’ ಎಂಬ ಕಡೆ ನಾಲ್ಕು ಸಾಲು ಜಾಗವಿತ್ತು. ಪೆನ್ ಅವನ ಕೈಗೆ ಕೊಟ್ಟೆ. ಸ್ವಲ್ಪ ಹೊತ್ತು ಯೋಚಿಸಿ, ಶಾಲೆಯ ದುಂಡು ಅಕ್ಷರದಲ್ಲಿ ಬರೆದ:

‘ಅನ್ನ ಉಳಿಯುತ್ತಿದೆ.’