ಬಯೋಸ್ ಮುಟ್ಟೋದಾ, ಬಿಡೋದಾ?

ಕಂಪ್ಯೂಟರ್ ಬಲ್ಲವರಲ್ಲಿ ಒಂದು ಹಳೇ ಮಾತಿದೆ: ಸರಿಯಾಗಿ ಓಡ್ತಿರೋ ಮೆಷಿನ್ನಿನ ಬಯೋಸ್ ಮುಟ್ಟಬೇಡ. ಮೊಬೈಲ್‌ಗೆ ಅಪ್‌ಡೇಟ್ ಬಂದ್ರೆ ಯೋಚಿಸದೇ ಒತ್ತುವ ನಾವು, ಬಯೋಸ್ ಅಂದ ಕೂಡಲೇ ಹಿಂದೆಮುಂದೆ ನೋಡ್ತೀವಿ. ಅದಕ್ಕೆ ಕಾರಣವೂ ಇದೆ. ಬಯೋಸ್ ಇರೋದು ಮದರ್‌ಬೋರ್ಡ್ ಮೇಲಿನ ಪುಟ್ಟ ಚಿಪ್‌ನಲ್ಲಿ. ಪವರ್ ಬಟನ್ ಒತ್ತಿದಾಗ ಮೊದಲು ಏಳೋದು ಅದು. ಪ್ರೊಸೆಸರ್, ರ‍್ಯಾಮ್, ಡಿಸ್ಕ್ ಎಲ್ಲವನ್ನೂ ಎಬ್ಬಿಸಿ, ಆಮೇಲೆ ವಿಂಡೋಸ್‌ಗೋ ಲಿನಕ್ಸ್‌ಗೋ ಕೆಲಸ ಒಪ್ಪಿಸುತ್ತೆ. ಅದನ್ನು ಹೊಸದಾಗಿ ಬರೆಯುವಾಗ ಕರೆಂಟ್ ಹೋದರೆ ಬೋರ್ಡ್ ಮತ್ತೆ ಏಳದೇ ಇರಬಹುದು.

ನಮ್ಮನೆ ಟಿವಿ ಸ್ಟ್ಯಾಂಡ್ ಪಕ್ಕ ಒಂದು ಹಳೇ ಡೆಸ್ಕ್‌ಟಾಪ್ ಇದೆ. ಬಿ450 ಬೋರ್ಡ್, ನಾಲ್ಕು ಕೋರ್‌ನ ರೈಜೆನ್ 3 2200ಜಿ, ಎರಡು ಹಾರ್ಡ್ ಡಿಸ್ಕ್. ಅದೇ ನಮ್ಮ ಹೋಮ್ ಸರ್ವರ್. ಮನೆಯವರೆಲ್ಲರ ಫೋನಿನ ಫೋಟೋ ಅಲ್ಲಿಗೇ ಹೋಗೋದು. ಮದುವೆ ವಿಡಿಯೋ, ಅಕ್ಕನ ಮಗನ ಮೊದಲ ಹೆಜ್ಜೆ ಎಲ್ಲಾ ಅಲ್ಲೇ. ಅಪ್ಪ ವಾಟ್ಸಾಪ್‌ನಲ್ಲಿ ಕಳಿಸುತ್ತಿದ್ದ ಧ್ವನಿ ಸಂದೇಶಗಳೂ ಅಲ್ಲೇ ಇವೆ. “ಊಟ ಆಯ್ತೇನಮ್ಮ? ಮಳೆ ಜೋರಿದೆ, ಆಫೀಸಿಂದ ಬೇಗ ಬಾ.” ಅಪ್ಪ ಹೋಗಿ ಮೂರು ವರ್ಷ ಆಯ್ತು. ಅರಸೀಕೆರೆಯಲ್ಲಿರುವ ಅಮ್ಮ ಈಗಲೂ ರಾತ್ರಿ ಫೋನ್‌ನಲ್ಲಿ ಅದನ್ನು ಹಾಕಿಕೊಂಡು ಕೇಳ್ತಾಳೆ.

ಫೋಟೋ ಹೆಚ್ಚಾದಂತೆ ಸರ್ವರ್ ತೆವಳತೊಡಗಿತು. ಆರು ಕೋರ್‌ನ ರೈಜೆನ್ 5 5600ಜಿ ಹಾಕೋಣ ಅಂದ್ಕೊಂಡೆ. ಸಾಕೆಟ್ ಅದೇ ಎಎಂ4, ಬೇರೆ ಗ್ರಾಫಿಕ್ಸ್ ಕಾರ್ಡೂ ಬೇಡ. ತೊಡಕು ಇದ್ದಿದ್ದು ಒಂದೇ. ಬಿ450 ಬಂದಿದ್ದು 2018ರಲ್ಲಿ, 5000 ಸರಣಿ ಶುರುವಾಗಿದ್ದು 2020ರ ಕೊನೆಗೆ. ಹಳೇ ಬಯೋಸ್‌ಗೆ ಈ ಪ್ರೊಸೆಸರ್‌ನ ಗುರುತೇ ಇಲ್ಲ. ಈ ಬೋರ್ಡ್‌ಗಳಲ್ಲಿ ಅದು ಓಡೋದಿಲ್ಲ ಅಂತಲೇ 2020ರ ಮೇ ತಿಂಗಳಲ್ಲಿ ಎಎಂಡಿ ಹೇಳಿತ್ತು. ಬಳಕೆದಾರರು ಗಲಾಟೆ ಮಾಡಿದ ಮೇಲೆ ಅದೇ ತಿಂಗಳು ಮಾತು ಬದಲಿಸಿತು. ಅಂದ್ರೆ ದಾರಿ ಇದೆ, ಆದ್ರೆ ಅದು ಬಯೋಸ್ ಅಪ್‌ಡೇಟ್ ಮೂಲಕವೇ.

ಫೋನಲ್ಲಿ ಹೇಳಿದಾಗ ಅಮ್ಮ ಕೇಳಿದ್ದು ಒಂದೇ ಮಾತು: “ಕೆಟ್ಟಿಲ್ಲ ಅಂದ್ಮೇಲೆ ಯಾಕೆ ಮುಟ್ತೀಯೇ? ನಿಮ್ಮಪ್ಪನ ದನಿ ಹೋದ್ರೆ?”

ಆ ಪ್ರಶ್ನೆಗೆ ಉತ್ತರ ಹುಡುಕುವಾಗಲೇ ನನಗೆ ವಿಷಯ ಬಿಡಿಸಿಕೊಂಡಿದ್ದು. ಬಯೋಸ್ ಇರೋದು ಬೋರ್ಡ್‌ನಲ್ಲಿ, ಅಪ್ಪನ ದನಿ ಇರೋದು ಡಿಸ್ಕ್‌ನಲ್ಲಿ. ಅಪ್‌ಡೇಟ್ ಕೆಟ್ಟರೆ ಹೋಗೋದು ಬೋರ್ಡ್. ಅದನ್ನು ದುಡ್ಡು ಕೊಟ್ಟು ಮತ್ತೆ ತರಬಹುದು. ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರ್‌ಗೆ ಹಾಕಿ ಓದಬಹುದು. (ಡಿಸ್ಕ್‌ಗೆ ಎನ್‌ಕ್ರಿಪ್ಷನ್ ಹಾಕಿದ್ದರೆ ಮಾತ್ರ ರಿಕವರಿ ಕೀ ಮೊದಲೇ ಬರೆದಿಟ್ಟುಕೊಳ್ಳಬೇಕು.) ಎರಡು ಡಿಸ್ಕ್ ಇದ್ದರೂ ಎರಡೂ ಒಂದೇ ಡಬ್ಬದಲ್ಲಿವೆ. ಸಿಡಿಲು ಬಡಿದರೆ ಒಟ್ಟಿಗೇ ಹೋಗುತ್ತವೆ. ನಿಜವಾದ ಭಯ ಪಡಬೇಕಾದ್ದು ಅಲ್ಲಿ.

ಹಾಗಾಗಿ ಮೊದಲು ಎಲ್ಲವನ್ನೂ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡಿದೆ. ಅದನ್ನು ಲ್ಯಾಪ್‌ಟಾಪ್‌ಗೆ ಹಾಕಿ ಅಲ್ಲೊಂದು ಇಲ್ಲೊಂದು ಫೈಲ್ ತೆರೆದು ನೋಡಿದೆ. ಅಪ್ಪನ ದನಿ ಕೇಳಿಸಿತು.

ಆಮೇಲೆ ಬೋರ್ಡ್ ಕಂಪನಿಯ ಟಿಪ್ಪಣಿಗಳನ್ನು ಓದಿದೆ. ಕೆಲವು ಬೋರ್ಡ್‌ಗಳಲ್ಲಿ ಪ್ರೊಸೆಸರ್ ಇಲ್ಲದೆಯೂ ಪೆನ್‌ಡ್ರೈವ್‌ನಿಂದ ಬಯೋಸ್ ಬರೆಯುವ ಬಟನ್ ಇರುತ್ತೆ. ನನ್ನದರಲ್ಲಿ ಇಲ್ಲ. ಅಂದ್ರೆ ಹಳೇ ಪ್ರೊಸೆಸರ್ ಇರುವಾಗಲೇ ಅಪ್‌ಡೇಟ್ ಮುಗಿಸಬೇಕು. ಚಿಪ್‌ನಲ್ಲಿ ಜಾಗ ಸಾಲದೆ ಕೆಲವು ಹೊಸ ಬಯೋಸ್‌ಗಳು ಹಳೇ ಪ್ರೊಸೆಸರ್‌ಗಳನ್ನೇ ಕೈಬಿಡುತ್ತವೆ, ಹಿಂದಿನ ಆವೃತ್ತಿಗೆ ಮರಳಲೂ ಬಿಡದಿರಬಹುದು. ಆ ಸಾಲನ್ನು ಎರಡು ಸಲ ಓದಿಕೊಂಡೆ.

ಭಾನುವಾರ ಬೆಳಿಗ್ಗೆ ಬಯೋಸ್‌ನ ಪ್ರತಿ ಪುಟದ ಫೋಟೋ ತೆಗೆದೆ, ಕಂಪ್ಯೂಟರನ್ನು ಯುಪಿಎಸ್ ಪ್ಲಗ್‌ಗೆ ಹಾಕಿದೆ. ಮಾಡೆಲ್ ನಂಬರ್ ಇನ್ನೊಮ್ಮೆ ತಾಳೆ ನೋಡಿ, ವಿಂಡೋಸ್ ಒಳಗಿಂದ ಅಲ್ಲದೆ ಬಯೋಸ್‌ನಲ್ಲೇ ಇರುವ ಅಪ್‌ಡೇಟ್ ಸೌಲಭ್ಯದಿಂದ ಶುರು ಮಾಡಿದೆ. ಕೆಲವೇ ನಿಮಿಷದ ಕೆಲಸ. ಹೊಸ ಪ್ರೊಸೆಸರ್ ಹಾಕಿದ ಮೇಲೆ ಮಾತ್ರ ಸ್ಕ್ರೀನ್ ಸ್ವಲ್ಪ ಹೊತ್ತು ಕಪ್ಪಗೇ ಇತ್ತು. ಮೊದಲ ಸಲ ರ‍್ಯಾಮ್ ಹೊಂದಿಸಿಕೊಳ್ಳಲು ಅದಕ್ಕೆ ಸಮಯ ಬೇಕು. ಬಟನ್ ಒತ್ತದೆ ಕಾದೆ, ಬಂತು. ಸೆಟ್ಟಿಂಗ್ಸ್ ಎಲ್ಲ ಮೊದಲಿನಂತಾಗಿದ್ದವು. ಕರೆಂಟ್ ಬಂದ ಕೂಡಲೇ ತಾನಾಗಿ ಆನ್ ಆಗುವ ಆಯ್ಕೆಯೂ ಹೋಗಿತ್ತು. ಫೋಟೋ ನೋಡಿ ಮತ್ತೆ ಹಾಕಿದೆ.

ಬಯೋಸ್ ಅಪ್‌ಡೇಟ್ ಮಾಡ್ಲಾ ಅಂತ ಯಾರಾದ್ರೂ ಕೇಳಿದ್ರೆ ನಾನು ಮೊದಲು ಕೇಳೋದು: ಯಾಕೆ? ಹೊಸ ಪ್ರೊಸೆಸರ್, ಮುಚ್ಚಬೇಕಾದ ಭದ್ರತಾ ಲೋಪ, ನಿಜಕ್ಕೂ ಕಾಡ್ತಿರೋ ತೊಂದರೆ, ಇವು ಕಾರಣಗಳು. ‘ಹೊಸದು ಬಂದಿದೆ’ ಅನ್ನೋದು ಕಾರಣ ಅಲ್ಲ. ಎರಡನೇ ಪ್ರಶ್ನೆ: ಕಾಪಿ ಎಲ್ಲಿದೆ?

ನನ್ನದು ಈಗ ಅರಸೀಕೆರೆಯಲ್ಲಿ, ಅಮ್ಮನ ಬೀರುವಿನಲ್ಲಿ, ಮನೆ ಪತ್ರಗಳ ಜೊತೆ ಇದೆ. ಅದನ್ನು ಹಳೇ ರೇಷ್ಮೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದಾಳೆ.